ತಲೆದೆಸೆಯಲ್ಲಿ ಕುಳಿತವರು: ಕೊಲ್ಹಾಪುರ ಸೀಮೆಯ ಅರಿವಳಿಕೆ

ಶಸ್ತ್ರಚಿಕಿತ್ಸೆಯ ಹೊತ್ತಿಗೆ ನೋವಿನ ಅರಿವನ್ನು ಔಷಧದಿಂದ ತಾತ್ಕಾಲಿಕವಾಗಿ ಅಡಗಿಸುವ ವಿದ್ಯೆಗೆ ಅರಿವಳಿಕೆ ಎಂದು ಹೆಸರು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ದಂತವೈದ್ಯ ಮಾರ್ಟನ್ ಈಥರ್ ಆವಿಯ ಶಕ್ತಿಯನ್ನು ಬಹಿರಂಗವಾಗಿ ತೋರಿಸಿದ ಮೇಲೆ ಆ ವಿದ್ಯೆ ಆರು ತಿಂಗಳೊಳಗೆ ಕಲ್ಕತ್ತೆಯನ್ನು ಮುಟ್ಟಿತು. ಪಂಚಗಂಗಾ, ಹಿರಣ್ಯಕೇಶಿಗಳ ಬಯಲಿನಲ್ಲಿ ಅದು ನೆಲೆಯೂರಿದ್ದು ಮಾತ್ರ ಇಲ್ಲಿ ದೊಡ್ಡ ಆಸ್ಪತ್ರೆಗಳು ಎದ್ದ ನಂತರ. ಕೊಲ್ಹಾಪುರ ಸಂಸ್ಥಾನದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ, ಮಿರಜಿನಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ತೆರೆದ ಆಸ್ಪತ್ರೆ, 1897ರಲ್ಲಿ ಅದರ ಜೊತೆಗೂಡಿದ ವೈದ್ಯಶಾಲೆ ಇವೇ ಈ ಸೀಮೆಯ ಶಸ್ತ್ರವೈದ್ಯದ ಮೊದಲ ಕೇಂದ್ರಗಳಾದವು. ಗಡಹಿಂಗ್ಲಜದ ಕನ್ನಡಿಗರಾಗಲಿ ಚಿಕ್ಕೋಡಿ, ಅಥಣಿಗಳ ರೈತರಾಗಲಿ ಕಠಿಣ ಕಾಯಿಲೆ ಬಂದಾಗ ಮಿರಜಿನ ದಾರಿ ಹಿಡಿಯುವ ರೂಢಿಗೆ ಇಲ್ಲಿಂದಲೇ ಮೊದಲು.

ಈಥರಿಗಿಂತ ಕ್ಲೋರೋಫಾರ್ಮ್ ಈ ದೇಶದಲ್ಲಿ ಹೆಚ್ಚು ಬಳಕೆಗೆ ಬಂದುದಕ್ಕೆ ಹವೆಯೂ ಒಂದು ಕಾರಣ. ಈಥರ್ ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವ ದ್ರವವಾದ್ದರಿಂದ ದಖನ್ನಿನ ಏಪ್ರಿಲ್ ಮಧ್ಯಾಹ್ನದ ಸೆಕೆಯಲ್ಲಿ ಅದು ಸೀಸೆಯಿಂದ ಹೊರಬಂದೊಡನೆ ಹಾರಿಹೋಗುತ್ತಿತ್ತು. ಎಣ್ಣೆದೀಪದ ಬಳಿ ಬೆಂಕಿ ಹಿಡಿಯುವ ಭಯವೂ ಇತ್ತು. ಸಿಂಪ್ಸನ್ 1847ರ ನವೆಂಬರಿನಲ್ಲಿ ಎಡಿನ್‌ಬರೋದಲ್ಲಿ ಬಳಕೆಗೆ ತಂದ ಕ್ಲೋರೋಫಾರ್ಮ್ ಉರಿಯುವಂಥದ್ದಲ್ಲ, ಸ್ವಲ್ಪವೇ ಸಾಕು, ಬಟ್ಟೆ ಹೊದಿಸಿದ ತಂತಿಯ ಮುಖವಾಡವೊಂದಿದ್ದರೆ ಬೇರೆ ಯಂತ್ರವೂ ಬೇಡ. ಆ ಮುಖವಾಡದ ಮೇಲೆ ಹನಿ ಬಿಡುವ ಕೆಲಸ ಕಂಪೌಂಡರಿನದೋ ದಾದಿಯದೋ ಕಲಿಯುವ ಹುಡುಗನದೋ ಆಗಿರುತ್ತಿತ್ತಾಗಿ, ಕತ್ತಿ ಹಿಡಿದವರ ಹೆಸರು ಉಳಿದಷ್ಟು ರೋಗಿಯ ತಲೆದೆಸೆಯಲ್ಲಿ ಕುಳಿತವರ ಹೆಸರು ಉಳಿಯಲಿಲ್ಲ.

ಆದರೆ ಸಾವುಬದುಕಿನ ಅಂತರ ಬಹುಮಟ್ಟಿಗೆ ಆ ಕೈಯಲ್ಲೇ ಇತ್ತು. ಕ್ಲೋರೋಫಾರ್ಮಿನಡಿ ಗಟ್ಟಿಮುಟ್ಟಾದ ರೋಗಿಗಳೂ ಒಮ್ಮೊಮ್ಮೆ ಹಠಾತ್ತನೆ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ವಿವಾದ ಯುರೋಪಿನಲ್ಲಿ ದಶಕಗಳ ಕಾಲ ನಡೆಯಿತು. ಅದನ್ನು ಬಗೆಹರಿಸಲೆಂದು ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ 1888ರಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ತಪ್ಪೆಲ್ಲ ಉಸಿರಾಟದ್ದು, ನಾಡಿಯನ್ನು ಬಿಟ್ಟು ಉಸಿರನ್ನೇ ಕಾಯಬೇಕು ಎಂದು ಸಾರಿದನು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಒಪ್ಪದಿದ್ದಾಗ ನಿಜಾಮರು 1000 ಪೌಂಡು ಕೊಟ್ಟು ಅದರ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ನನನ್ನು ಕರೆಸಿಕೊಂಡರು. 1889ರ ಆ ಎರಡನೆಯ ಆಯೋಗವೂ ಲಾರಿಯ ಮಾತನ್ನೇ ಎತ್ತಿಹಿಡಿಯಿತು. ಆ ತೀರ್ಮಾನ ಪೂರ್ತಿ ನಿಲ್ಲಲಿಲ್ಲ: ಕ್ಲೋರೋಫಾರ್ಮ್ ಅರೆಬರೆಯಾಗಿ ಏರಿದ ಸ್ಥಿತಿಯಲ್ಲಿಯೂ ಹೃದಯದ ಕೆಳಕೋಣೆಗಳು ಲಯ ತಪ್ಪಿ ಅದುರಿ ನಿಂತುಹೋಗಬಲ್ಲವು ಎಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟನು. ಹಾಗಿದ್ದರೂ ಉಸಿರಿನ ಮೇಲೆ ಕಣ್ಣಿಡಬೇಕೆಂಬ ಲಾರಿಯ ಶಿಸ್ತು, ಅವನ ಸಿದ್ಧಾಂತ ಸೋತ ಮೇಲೂ, ಒಳ್ಳೆಯ ಶಿಸ್ತಾಗಿಯೇ ಉಳಿಯಿತೆನ್ನಬೇಕು. ತಲೆದೆಸೆಯಲ್ಲಿ ಕುಳಿತವರಲ್ಲಿ ಹೆಸರುಳಿದ ಅಪವಾದವೂ ಆ ಹೈದರಾಬಾದಿನದೇ. ಲಾರಿಯ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿಯನ್ನು ಜಗತ್ತಿನ ಮೊದಲ ಅರಿವಳಿಕೆ ವೈದ್ಯೆಯರಲ್ಲಿ ಒಬ್ಬರೆಂದು ಎಣಿಸಲಾಗುತ್ತದೆ.

ಕೊಲ್ಹಾಪುರದಲ್ಲಿಯೂ ಹೆಣ್ಣುಮಕ್ಕಳ ವಾರ್ಡಿಗೆ ವೈದ್ಯೆಯೊಬ್ಬಳು ಬೇಕೆಂಬ ವಿಚಾರ ಬೇಗನೆ ಹುಟ್ಟಿತ್ತು. 1886ರಲ್ಲಿ ಪೆನ್ಸಿಲ್ವೇನಿಯಾದಿಂದ ಪದವಿ ಪಡೆದು, ಪ್ರಸೂತಿಶಾಸ್ತ್ರದ ಮೇಲೆಯೇ ಪ್ರಬಂಧ ಬರೆದಿದ್ದ ಆನಂದಿಬಾಯಿ ಜೋಶಿಯವರನ್ನು ಸಂಸ್ಥಾನವು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಆ ಹುದ್ದೆಗೆ ನೇಮಿಸಿತು. ಕ್ಷಯದಿಂದ ಬಳಲಿದ್ದ ಅವರು 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಅವರು ನಡೆಸಬೇಕಿದ್ದ ಕೆಲಸವನ್ನು ಶಾಹೂ ಮಹಾರಾಜರ ಕಾಲದಲ್ಲಿ ಕೃಷ್ಣಾಬಾಯಿ ಕೆಳವಕರರು ಮಾಡಿದರು.

ಇಡೀ ದೇಹವನ್ನು ಮಲಗಿಸದೆ ನೋವಿನ ದಾರಿಯನ್ನಷ್ಟೇ ಕಟ್ಟುವ ವಿಧಾನಗಳು ಬಂದಮೇಲೆ ತಲೆದೆಸೆಯ ಕೆಲಸದ ಸ್ವರೂಪವೇ ಬದಲಾಯಿತು. 1898ರಲ್ಲಿ ಜರ್ಮನಿಯ ಆಗಸ್ಟ್ ಬೀರ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಕೇನ್ ಚುಚ್ಚಿ ಕಾಲುಗಳ ಅರಿವನ್ನು ಅಳಿಸಿದ್ದ. ಸ್ವೀಡನ್ನಿನಲ್ಲಿ 1943ರಲ್ಲಿ ರೂಪುಗೊಂಡ ಲಿಡೊಕೇನ್ ಅಂಥ ಚುಚ್ಚುಮದ್ದನ್ನು ಹೆಚ್ಚು ಸುರಕ್ಷಿತಗೊಳಿಸಿತು. 1947ರಲ್ಲಿ ಭಾರತೀಯ ಅರಿವಳಿಕೆ ತಜ್ಞರ ಸಂಘ ಹುಟ್ಟಿದ್ದು ಈ ಕಸುಬಿಗೆ ಸ್ವಂತ ಗುರುತು ಬಂದುದರ ಸೂಚನೆ. ಯಂತ್ರಕ್ಕೆ ಸಿಕ್ಕಿ ಜಜ್ಜಿದ ಕೈಗೆ ತೋಳಿನ ನರಗುಚ್ಛವನ್ನಷ್ಟೇ ಮರಗಟ್ಟಿಸಿ ಚಿಕಿತ್ಸೆ ಮಾಡಬಹುದೆಂಬುದು ವಿದ್ಯುತ್ ಮಗ್ಗಗಳ ಇಚಲಕರಂಜಿಯಂಥ ಊರಿಗೆ ಸಣ್ಣ ಸಂಗತಿಯಲ್ಲ.

ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಮುಂದೆ ಛತ್ರಪತಿ ಪ್ರಮಿಳಾರಾಜೇ ಆಸ್ಪತ್ರೆಯಾಗಿ, 2000ದ ಹೊತ್ತಿಗೆ ರಾಜರ್ಷಿ ಶಾಹೂ ಅವರ ಹೆಸರಿನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿತು. ತಾಲ್ಲೂಕು ಮಟ್ಟದಲ್ಲಿ ತಜ್ಞರ ಕೊರತೆ ಮಾತ್ರ ದೇಶದುದ್ದಕ್ಕೂ ಉಳಿಯಿತು. ಹೆರಿಗೆಯ ತುರ್ತು ಶಸ್ತ್ರಚಿಕಿತ್ಸೆಗಾಗಿ ಸಾಮಾನ್ಯ ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ತಂದದ್ದು ಅದಕ್ಕಾಗಿಯೇ. ಶಸ್ತ್ರಚಿಕಿತ್ಸೆಯ ಕೋಣೆಯಾಚೆ, ಕ್ಯಾನ್ಸರಿನಂಥ ದೀರ್ಘ ನೋವಿನ ಕಥೆ ಇನ್ನೂ ನಿಧಾನದ್ದು. 1985ರ ಮಾದಕವಸ್ತು ಕಾಯಿದೆ ಮಾರ್ಫಿನ್ನಿಗೆ ಹಲವು ಪರವಾನಗಿಗಳ ಬೇಲಿ ಹಾಕಿದ್ದರಿಂದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲೇ ಹಿಂಜರಿದವು. 2014ರ ತಿದ್ದುಪಡಿಯ ನಂತರವೇ ಮಾನ್ಯತೆ ಪಡೆದ ವೈದ್ಯಸಂಸ್ಥೆಗಳು ಒಂದೇ ಕಚೇರಿಯ ಅನುಮತಿಯಿಂದ ಅದನ್ನು ತರಿಸಿಕೊಳ್ಳಲು ದಾರಿಯಾಯಿತು.