ಕಾಫಿ ಅಂಗಡಿ ತೆರೆದವರು, ಕಳೆದುಕೊಂಡವರು

ಲಂಡನ್ನಿನಲ್ಲಿ ಈಗ ಜಪಾನಿ ಬಗೆಯ ಕಾಫಿ ಅಂಗಡಿಗಳು ಕಾಣಸಿಗುತ್ತವೆ. ನಿಮ್ಮಲ್ಲಿ ಕೆಲವರು ಹೋಗಿಯೂ ಬಂದಿರಬಹುದು. ಇವುಗಳ ಹಿರಿಯಣ್ಣ ಜಪಾನಿನ ಹಳೆಯ ‘ಕಿಸ್ಸಾತೆನ್’. ಹೆಸರಿನ ಅರ್ಥ ಚಹಾ ಕುಡಿಯುವ ಅಂಗಡಿ ಎಂದು, ಆದರೆ ಅಲ್ಲಿ ಜನ ಹೋಗುವುದು ಕಾಫಿಗೆ. ಮಂದ ಬೆಳಕು, ಉದ್ದನೆಯ ಮರದ ಕಟ್ಟೆ, ಅದರ ಹಿಂದೆ ನಿಂತು ಒಂದೊಂದೇ ಬಟ್ಟಲು ಕಾಫಿ ಮಾಡುವ ಯಜಮಾನ. ಹಲವು ಕಡೆ ಪುಡಿಯನ್ನು ಫ್ಲ್ಯಾನೆಲ್ ಬಟ್ಟೆಯ ಚೀಲಕ್ಕೆ ಹಾಕಿ, ಮೇಲಿಂದ ಬಿಸಿನೀರನ್ನು ಸಣ್ಣ ಎಳೆಯಾಗಿ ಬಿಡುತ್ತಾರೆ. ಬಟ್ಟೆಯಲ್ಲಿ ಡಿಕಾಕ್ಷನ್ ಸೋಸುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ಇದು ಹೊಸತೆನಿಸುವುದಿಲ್ಲ.

ಈ ಅಂಗಡಿಗಳ ಇತಿಹಾಸ ಹುಡುಕುತ್ತ ಹೊರಟರೆ ದಾರಿ ಟೋಕಿಯೊ ಮುಟ್ಟಿ ಮತ್ತೆ ಲಂಡನ್ನಿಗೇ ಬರುತ್ತದೆ. ಆ ದಾರಿಯಲ್ಲಿ ಮೂವರು ಸಿಗುತ್ತಾರೆ. ಮೂವರೂ ಕಾಫಿ ಅಂಗಡಿ ತೆರೆದರು, ಮೂವರ ಕೈಯಲ್ಲೂ ಅದು ನಿಲ್ಲಲಿಲ್ಲ.

ಮೊದಲನೆಯವನು ಪಾಸ್ಕ್ವಾ ರೋಸಿ. ಡೇನಿಯಲ್ ಎಡ್ವರ್ಡ್ಸ್ ಎಂಬ ವ್ಯಾಪಾರಿ ತುರ್ಕಿಯ ಸ್ಮಿರ್ನಾದಿಂದ ಕರೆತಂದ ಆಳು. ದಿನವೂ ಯಜಮಾನನಿಗೆ ಕಾಫಿ ಕಾಯಿಸಿಕೊಡುತ್ತಿದ್ದ ಈತ 1652ರಲ್ಲಿ ಕಾರ್ನ್‌ಹಿಲ್ ಪಕ್ಕದ ಸೇಂಟ್ ಮೈಕೇಲ್ಸ್ ಆಲಿಯಲ್ಲಿ ಲಂಡನ್ನಿನ ಮೊದಲ ಕಾಫಿ ಅಂಗಡಿ ತೆರೆದ. ಅದೇ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬುದು ನಮ್ಮ ಕಡೆಯ ಐತಿಹ್ಯ. ರೋಸಿಯ ವ್ಯಾಪಾರ ಕುದುರಿತು. ಅಕ್ಕಪಕ್ಕದ ಮದ್ಯದಂಗಡಿಯವರಿಗೆ ಹೊಟ್ಟೆಯುರಿಯಾಯಿತು. ಸಿಟಿಯೊಳಗೆ ವ್ಯಾಪಾರ ಮಾಡುವ ಹಕ್ಕು ‘ಫ್ರೀಮನ್’ ಎನಿಸಿಕೊಂಡವರಿಗೆ ಮಾತ್ರ, ಈತ ಪರದೇಶಿ ಎಂದು ಅವರು ಮೇಯರ್‌ಗೆ ದೂರಿತ್ತರು. ಕೊನೆಗೆ ಕ್ರಿಸ್ಟೋಫರ್ ಬೋಮನ್ ಎಂಬ ಇಂಗ್ಲಿಷ್ ಸಾರಥಿಯನ್ನು ಪಾಲುದಾರನಾಗಿ ಸೇರಿಸಿಕೊಳ್ಳಬೇಕಾಯಿತು. ಕೆಲವು ವರ್ಷಗಳಲ್ಲಿ ಅಂಗಡಿ ಬೋಮನ್‌ನ ಪಾಲಾಯಿತು, ರೋಸಿಯ ಹೆಸರು ದಾಖಲೆಗಳಿಂದ ಮರೆಯಾಯಿತು.

ಆದರೆ ಆತ ಹಚ್ಚಿದ ಒಲೆ ಆರಲಿಲ್ಲ. ಒಂದು ಪೆನ್ನಿ ಕೊಟ್ಟು ಒಳಗೆ ಹೋದರೆ ಕಾಫಿ, ಪತ್ರಿಕೆ, ಮಾತುಕತೆ ಎಲ್ಲ ಸಿಗುವ ಅಂಗಡಿಗಳು ಊರೆಲ್ಲ ಹಬ್ಬಿದವು. ಅಲ್ಲಿ ರಾಜದ್ರೋಹದ ಮಾತು ನಡೆಯುತ್ತದೆಂದು ಎರಡನೇ ಚಾರ್ಲ್ಸ್ 1675ರ ಡಿಸೆಂಬರ್‌ನಲ್ಲಿ ಎಲ್ಲವನ್ನೂ ಮುಚ್ಚಲು ಆಜ್ಞೆ ಹೊರಡಿಸಿದ. ಜನ ಎಷ್ಟು ಗದ್ದಲವೆಬ್ಬಿಸಿದರೆಂದರೆ, ಆಜ್ಞೆ ಜಾರಿಗೆ ಬರುವ ಮೊದಲೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಇಂದಿನ ಲಾಯ್ಡ್ಸ್ ವಿಮಾ ಮಾರುಕಟ್ಟೆ ಹುಟ್ಟಿದ್ದೂ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯಲ್ಲೇ.

ಎರಡನೆಯವನು ನಮ್ಮವನೇ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮೊಹಮ್ಮದ್ ಎಳವೆಯಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ, 1784ರಲ್ಲಿ ಐರ್ಲೆಂಡಿಗೆ ಬಂದ. 1794ರಲ್ಲಿ ಆತ ಪ್ರಕಟಿಸಿದ ಪ್ರವಾಸ ಕಥನ ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದ ಮೊದಲ ಪುಸ್ತಕ. 1810ರಲ್ಲಿ ಪೋರ್ಟ್‌ಮನ್ ಸ್ಕ್ವೇರ್ ಬಳಿಯ ಜಾರ್ಜ್ ಸ್ಟ್ರೀಟಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದ. ಹೆಸರು ಕಾಫಿಯದ್ದಾದರೂ ಆಕರ್ಷಣೆ ಬೇರೆ: ಮಸಾಲೆಯ ಅಡುಗೆ, ಬಿದಿರಿನ ಕುರ್ಚಿ, ಹುಕ್ಕಾ. ಭಾರತದಲ್ಲಿ ದುಡಿದು ಮರಳಿದ ದೊರೆಗಳು ಬರುತ್ತಾರೆಂದು ಆತ ಎಣಿಸಿದ್ದ. ಆದರೆ ಅಂಥವರ ಮನೆಯಲ್ಲೇ ಭಾರತೀಯ ಅಡುಗೆಯವರಿದ್ದರು. 1812ರಲ್ಲಿ ಆತ ದಿವಾಳಿಯಾದ. ಮುಂದೆ ಬ್ರೈಟನ್ನಿನಲ್ಲಿ ಹಬೆಸ್ನಾನ, ‘ಶಾಂಪೂ’ ಎಂದರೆ ಮೈ ತಿಕ್ಕುವ ಕೆಲಸದಿಂದ ಹೆಸರು ಮಾಡಿ, ಇಬ್ಬರು ರಾಜರಿಗೆ ಸೇವೆ ಸಲ್ಲಿಸಿದ.

ಮೂರನೆಯವನು ತೇಯ್ ಎಯ್ಕೆಯ್. ಅಮೆರಿಕದಲ್ಲಿ ಓದಿ, ಹಿಂದಿರುಗುವಾಗ ಲಂಡನ್ನಿನ ಕಾಫಿ ಅಂಗಡಿಗಳನ್ನು ಕಂಡು ಬೆರಗಾದ ಎನ್ನುತ್ತಾರೆ. 1888ರಲ್ಲಿ ಟೋಕಿಯೊದ ಉಯೆನೊದಲ್ಲಿ ಆತ ತೆರೆದದ್ದು ಜಪಾನಿನ ಮೊದಲ ಕಿಸ್ಸಾತೆನ್. ಪತ್ರಿಕೆ, ಪುಸ್ತಕ, ಬಿಲಿಯರ್ಡ್ಸ್, ಬರೆಯಲು ಮೇಜು, ಎಲ್ಲ ಇಟ್ಟಿದ್ದ. ಸಾಮಾನ್ಯರೂ ಯುವಕರೂ ಕೂತು ಓದಲಿ, ಮಾತಾಡಲಿ ಎಂಬುದು ಆಸೆ. ಆದರೆ ಕಾಫಿಯ ಬೆಲೆ ಒಂದು ಬಟ್ಟಲು ಸೋಬಾ ಶ್ಯಾವಿಗೆಗಿಂತ ಹೆಚ್ಚು! ನಾಲ್ಕೈದು ವರ್ಷದಲ್ಲಿ ಅಂಗಡಿ ಮುಚ್ಚಿತು. ಆತ ಅಮೆರಿಕಕ್ಕೆ ಹೊರಟುಹೋಗಿ ಸಿಯಾಟಲ್‌ನಲ್ಲಿ ತೀರಿಕೊಂಡ. ಇಂದು ನಾವು ಮೆಚ್ಚುವ ಕಿಸ್ಸಾತೆನ್ ಪರಂಪರೆ ಆ ಸೋಲಿನ ನಂತರ ಬೆಳೆದದ್ದು.

ಹಾಗಾದರೆ ಅಂಗಡಿ ಉಳಿಯುವುದು ಹೇಗೆ? ಒಂದು ಉತ್ತರ ಬೆಂಗಳೂರಿನಲ್ಲಿದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ನೌಕರರೇ ಸಹಕಾರ ಸಂಘ ಕಟ್ಟಿದರು. ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಕಾಫಿ ತಂದಿಡುತ್ತಿದ್ದ ಪೇಟದ ಮಾಣಿಗಳೇ ಒಡೆಯರಾದರು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಗಿ ಬಂದಾಗಲೂ ಅವರು ಬಾಗಿಲು ಹಾಕಲಿಲ್ಲ, ಚರ್ಚ್ ಸ್ಟ್ರೀಟಿಗೆ ಹೋದರು.

ಇನ್ನೊಂದು ಉತ್ತರ ನಮ್ಮ ಕಣ್ಣೆದುರೇ ಆದದ್ದು. ಸ್ಟ್ರ್ಯಾಂಡ್ ರಸ್ತೆಯ ಇಂಡಿಯಾ ಕ್ಲಬ್ ಶುರುವಾದದ್ದು 1951ರಲ್ಲಿ. ದೋಸೆಗೆ, ಹರಟೆಗೆ ಮೆಟ್ಟಿಲು ಹತ್ತಿದವರು ನಮ್ಮಲ್ಲೂ ಅನೇಕರು. ಕಟ್ಟಡದ ಒಳಭಾಗ ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ ಸಾವಿರಾರು ಜನ ಸಹಿ ಹಾಕಿ ವಿರೋಧಿಸಿದರು, 2018ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಅದನ್ನು ತಿರಸ್ಕರಿಸಿತು. ಆದರೂ 2023ರ ಸೆಪ್ಟೆಂಬರ್ 17ರಂದು ಕ್ಲಬ್ ಮುಚ್ಚಿತು. ಅಭಿಮಾನ ನಮ್ಮದಾಗಿತ್ತು, ಕಟ್ಟಡ ಬೇರೆಯವರದಾಗಿತ್ತು.

ಇಷ್ಟಾದ ಮೇಲೆ ನೋಡಬೇಕೆನಿಸಿದರೆ ಬ್ಯಾಂಕ್ ನಿಲ್ದಾಣದಲ್ಲಿಳಿದು ಸೇಂಟ್ ಮೈಕೇಲ್ಸ್ ಆಲಿಗೆ ಹೋಗಿ. ರೋಸಿಯ ಅಂಗಡಿಯಿದ್ದ ಜಾಗದಲ್ಲಿ ಈಗ ಜಮೈಕಾ ವೈನ್ ಹೌಸ್ ಇದೆ, ಗೋಡೆಯ ಮೇಲೆ ಫಲಕವಿದೆ. ದೀನ್ ಮೊಹಮ್ಮದನ ಹಸಿರು ಫಲಕ ಜಾರ್ಜ್ ಸ್ಟ್ರೀಟಿನಲ್ಲಿದೆ, ಹಾಕಿದ್ದು 2005ರಲ್ಲಿ. ಅಂಗಡಿ ಹೋದ ಮೇಲೆ ಫಲಕ ಹಾಕುವುದನ್ನು ಈ ಊರು ಚೆನ್ನಾಗಿ ಬಲ್ಲದು. ನಮ್ಮವರು ನಡೆಸುವ ಪುಟ್ಟ ಕಾಫಿ ತಾಣ ನಿಮ್ಮ ಬಡಾವಣೆಯಲ್ಲಿದ್ದರೆ, ಅದಕ್ಕೆ ಫಲಕ ಬರುವ ಮುನ್ನವೇ ಹೋಗಿ ಕೂತು ಒಂದು ಲೋಟ ಕುಡಿಯಿರಿ. ಬರೀ ಭಾನುವಾರ ಅಲ್ಲ, ಮಂಗಳವಾರ ಮಧ್ಯಾಹ್ನವೂ.