ಕೋವಿಯ ಮುದ್ರೆಗಳು

ಬಂದೂಕಿನ ಲೋಹದ ಭಾಗಗಳ ಮೇಲೆ ತಯಾರಿಕೆಯ ಹೊತ್ತಿಗೆ ಒತ್ತಿದ ಅಥವಾ ಕೊರೆದ ಗುರುತುಗಳು. ಕಾರ್ಖಾನೆ, ವರ್ಷ, ಒಡೆತನ, ತಪಾಸಣೆ ಎಲ್ಲವೂ ಇವುಗಳಿಂದ ತಿಳಿಯುತ್ತವೆ. ಈಚಿನ ರೈಫಲ್‌ಗಳಲ್ಲಿ ಮುಖ್ಯ ಗುರುತುಗಳಿರುವುದು ರಿಸೀವರ್ ಮೇಲೆ, ಅಂದರೆ ನಳಿಗೆಯ ಬುಡ ಕೂರುವ, ಬೋಲ್ಟ್ ಓಡಾಡುವ ಉಕ್ಕಿನ ಒಡಲಿನ ಮೇಲೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಗೆ ಈ ಭಾಗವೇ ಇಲ್ಲ. ಅದರಲ್ಲಿ ನಳಿಗೆಯ ಬುಡವನ್ನೂ ಚಕಮಕಿಯನ್ನು ಕೂರಿಸಿದ ಪಟ್ಟಿಯನ್ನೂ ನೋಡಬೇಕು. ಕರ್ನಾಟಕದ ಮಟ್ಟಿಗೆ ಗಮನಿಸಬೇಕಾದ ಮುದ್ರೆಗಳು ಹೆಚ್ಚಾಗಿ ಈ ಹಳೆಯ ಕೋವಿಗಳ ಮೇಲಿನವೇ.

ಕುಂದಾಪುರದ ಕರಾವಳಿಯಲ್ಲಿ ಎರಡು ಬಗೆಯ ಮುದ್ರೆ ಹೊತ್ತ ಕೋವಿಗಳು, ಮೈಸೂರಿನವು ಮತ್ತು ಈಸ್ಟ್ ಇಂಡಿಯಾ ಕಂಪನಿಯವು, ಎದುರುಬದುರಾದವು. ಘಟ್ಟದ ಮೇಲಿನ ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ; ಈಗ ಹೊಸನಗರ ತಾಲ್ಲೂಕಿನ ನಗರ. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ಕಂಪನಿಯ ಮುಂಬಯಿ ಸೇನೆಯೊಂದಿಗೆ ಕುಂದಾಪುರ ಹಿಡಿದು, ಹೊಸಂಗಡಿ ಘಾಟಿ ಹತ್ತಿ ನಗರ ಸೇರಿದ. ಏಪ್ರಿಲ್ ಕೊನೆಯ ಹೊತ್ತಿಗೆ ಹೈದರನ ಮಗ ಟಿಪ್ಪು ಅದನ್ನು ಮರಳಿ ಪಡೆದ. ಹೀಗೆ ಊರು ಕೈಬದಲಾದಂತೆ ಕೋವಿಯೂ ಕೈಬದಲಾಗುತ್ತದೆ. ಆದ್ದರಿಂದ ಎಲ್ಲಿ ಸಿಕ್ಕಿತು ಎಂಬುದರಿಂದ ಯಾರದು ಎಂದು ನಿರ್ಧರಿಸಲಾಗದು. ಅದಕ್ಕೆ ಮುದ್ರೆಯನ್ನೇ ಓದಬೇಕು.

ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಮೇಲೆ ನಾಲ್ಕು ಪಾಲು ಮಾಡಿದ ಹೃದಯದ ಚಿತ್ರ, ಅದರೊಳಗೆ ವಿ, ಇ, ಐ, ಸಿ ಅಕ್ಷರಗಳು, ಮೇಲೆ ಇಂಗ್ಲಿಷಿನ 4ರ ಅಂಕಿಯಂಥ ಗುರುತು ಇರುತ್ತಿದ್ದವು. ವ್ಯಾಪಾರದ ಸರಕಿನ ಮೂಟೆಗಳ ಮೇಲೂ ಇದೇ ಮುದ್ರೆ. ಕಂಪನಿಗೆ ಬಂದೂಕೂ ಒಂದು ಸರಕೇ. 1808ರಿಂದ ಹೃದಯದ ಜಾಗಕ್ಕೆ ನಿಂತ ಸಿಂಹ ಬಂತು. ಸಿಂಹವಿರುವ ಕೋವಿಯನ್ನು 1799ರ ಶ್ರೀರಂಗಪಟ್ಟಣದ ಮುತ್ತಿಗೆಯದೆಂದು ಮಾರಲು ಬಂದವರನ್ನು ನಂಬಬೇಕಾಗಿಲ್ಲ. ಬ್ರಿಟಿಷ್ ರಾಜನ ಪಡೆಗಳ ಕೋವಿಗಳಲ್ಲಿ ಕಿರೀಟ, ಜಿ.ಆರ್. ಎಂಬ ಅಕ್ಷರಗಳು, 'ಟವರ್' ಎಂಬ ಹೆಸರು ಕಾಣುತ್ತವೆ.

ಟಿಪ್ಪುವಿನ ಕೋವಿಗಳು ಬೇರೆಯೇ. ಶ್ರೀರಂಗಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗಗಳಲ್ಲಿ ಅವನ ಆಯುಧ ಕಾರ್ಖಾನೆಗಳಿದ್ದವು. ಫ್ರೆಂಚ್ ಕುಶಲಕರ್ಮಿಗಳ ನೆರವೂ ಇತ್ತು, ರೂಪದಲ್ಲಿ ಯುರೋಪಿನ ಛಾಯೆಯೂ ಇತ್ತು. ಗುರುತು ಮಾತ್ರ ಅಪ್ಪಟ ಅವನದು: ಬಬ್ರಿ ಎಂಬ ಬಾಗಿದ ಹುಲಿಪಟ್ಟೆ, 'ಹೈದರ್' ಎಂಬ ಹೆಸರಿನ ಮುದ್ರೆ. ಉತ್ತಮ ದರ್ಜೆಯವುಗಳಲ್ಲಿ 'ಸರ್ಕಾರ್-ಎ-ಖುದಾದಾದಿ' ಎಂಬ ಪಾರಸಿ ಬರಹ, 'ಪಟ್ಟನ್' ಎಂಬ ಊರ ಹೆಸರು, ಜೊತೆಗೆ ವರ್ಷ. ನಕಲಿಗಳು ಹೆಚ್ಚಾಗಿ ಎಡವುವುದು ಈ ವರ್ಷದಲ್ಲೇ. ಟಿಪ್ಪು ಜಾರಿಗೆ ತಂದದ್ದು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸುತ್ತಿದ್ದ. ಕ್ರಿ.ಶ. 1798ರ ಸುಮಾರಿನ 1226 ನಮ್ಮ ಕಣ್ಣಿಗೆ 6221 ಎಂದು ಕಂಡೀತು. 1799ರ ಮೇ 4ರಂದು ಅವನು ಮಡಿದ. ಆ ಶಕೆಯ 1227ಕ್ಕಿಂತ ಮುಂದಿನ ವರ್ಷ ಕೆತ್ತಿದ ಕೋವಿ ಅವನ ಕಾರ್ಖಾನೆಯದಾಗಲಾರದು.

ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಕಂಪನಿಯವರ ಲೆಕ್ಕಕ್ಕೆ ಬಂದದ್ದು 929 ಫಿರಂಗಿಗಳು, ಲಕ್ಷದ ಹತ್ತಿರ ಬಂದೂಕುಗಳು. ಅಂದವಾದವು ಅಧಿಕಾರಿಗಳ ಜೊತೆ ಹಡಗು ಹತ್ತಿದವು. ಅಂಥ ಒಂದು ಬೆಳ್ಳಿ ಕಟ್ಟಿನ ಕೋವಿ, ಮೇಜರ್ ಥಾಮಸ್ ಹಾರ್ಟ್ ಒಯ್ದದ್ದು, 2019ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾಯಿತು. ಇವುಗಳ ಅಧ್ಯಯನಕ್ಕೆ ರಾಬಿನ್ ವಿಗಿಂಗ್ಟನ್ 1992ರಲ್ಲಿ ಪ್ರಕಟಿಸಿದ ಪುಸ್ತಕವೇ ಈಗಲೂ ಆಧಾರ. ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಮುದ್ರೆಗಿಂತ ಹೆಚ್ಚಾಗಿ ಸಿಕ್ಕ ನೆಲೆ ಮತ್ತು ಒಳಗಿನ ಮದ್ದು ಅವುಗಳ ಗುರುತಿಗೆ ನೆರವಾದವು.

ಮುದ್ರೆಯೊಂದೇ ಸಾಕ್ಷಿಯಲ್ಲ. ಅಚ್ಚಿದ್ದರೆ ಯಾರು ಬೇಕಾದರೂ ಹುಲಿಪಟ್ಟೆ ಒತ್ತಬಹುದು. ತುಕ್ಕು ತಿಂದ ಗುಳಿಗಳ ಮೇಲೆ ಚೂಪಾದ ಅಂಚಿನ ಮುದ್ರೆ ನಿಂತಿದ್ದರೆ ಅದು ತುಕ್ಕಿಗಿಂತ ಈಚಿನದು. ನಳಿಗೆ ಒಂದು ಕಾಲದ್ದು, ಚಕಮಕಿ ಪಟ್ಟಿ ಇನ್ನೊಂದು ಕಾಲದ್ದು ಆಗಿರುವುದೂ ಉಂಟು. ಅದು ಎಲ್ಲ ಸಲವೂ ಮೋಸವಲ್ಲ, ರಿಪೇರಿಯೂ ಇರಬಹುದು.

ಇಪ್ಪತ್ತನೆಯ ಶತಮಾನದ ಪೊಲೀಸರ ಹೆಗಲ ಮೇಲಿದ್ದ .303 ರೈಫಲ್‌ನಲ್ಲಿ ಓದು ಸುಲಭ. ಬಂಗಾಳದ ಇಷಾಪುರ ಕಾರ್ಖಾನೆಯ ಹಳೆಯ ರೈಫಲ್‌ಗಳ ರಿಸೀವರ್‌ನಲ್ಲಿ, ಹಿಡಿಕೆ ಸೇರುವಲ್ಲಿ, ಕಿರೀಟ, ಜಿ.ಆರ್.ಐ., ಇಷಾಪುರದ ಹೆಸರು, ವರ್ಷ ಇರುತ್ತವೆ. ಗಣರಾಜ್ಯವಾದ ಮೇಲೆ ಕಿರೀಟದ ಬದಲು ಅಶೋಕಸ್ತಂಭದ ಸಿಂಹಗಳು, ಆರ್.ಎಫ್.ಐ. ಅಕ್ಷರಗಳು ಬಂದವು. 1960ರ ದಶಕದ 7.62 ಮಿ.ಮೀ. 2ಎ1 ಮಾದರಿ ಹೊರನೋಟಕ್ಕೆ .303ರ ತಮ್ಮನಂತಿದೆ. ಗುಂಡು ಬೇರೆಯಾದ್ದರಿಂದ ಇಲ್ಲಿ ಗುರುತು ಓದದಿದ್ದರೆ ಅಪಾಯ. ರಿಸೀವರ್, ಬೋಲ್ಟ್, ನಳಿಗೆಗಳ ಕ್ರಮಸಂಖ್ಯೆ ಒಂದೇ ಆಗಿದ್ದರೆ ಬಿಡಿಭಾಗಗಳು ಅದಲುಬದಲಾಗಿಲ್ಲ ಎನ್ನಬಹುದು.

1959ರ ಆಯುಧ ಕಾಯ್ದೆಯ 8ನೆಯ ಕಲಂ ಇಂಥ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಗುರುತಿಲ್ಲದ ಕೋವಿಯನ್ನು ಮಾರುವಂತಿಲ್ಲ. ಅಳಿಸಿದ ಕೋವಿ ಯಾರ ಬಳಿ ಸಿಕ್ಕಿತೋ ಅಳಿಸಿದ್ದೂ ಅವರೇ ಎಂದು ಕಾನೂನು ಮೊದಲಿಗೆ ಭಾವಿಸುತ್ತದೆ, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಅವರದೇ. ಕಾಡುಹಂದಿ, ಮಂಗಗಳ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಪಡೆದ ಕರಾವಳಿ, ಮಲೆನಾಡಿನ ಕೃಷಿಕರು ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸುತ್ತಾರೆ. ಕೊಡುವಾಗಲೂ ಮರಳಿ ಪಡೆಯುವಾಗಲೂ ಲೈಸೆನ್ಸ್ ಪುಸ್ತಕದ ಸಂಖ್ಯೆಗೂ ಕೋವಿಯ ಮೈಮೇಲಿನ ಸಂಖ್ಯೆಗೂ ತಾಳೆಯಾಗಬೇಕು.