ಬಿಲ್ಲು, ಮಂತ್ರ, ಮುಖವಾಡ: ಹಳೆಯ ಕತೆಗಳಿಗೆ ಕನ್ನಡ ನಾಟಕ ಕೇಳಿದ ಪ್ರಶ್ನೆಗಳು

ಕರಾವಳಿಯ ತಾಳಮದ್ದಳೆಯಲ್ಲಿ ವಾಲಿವಧೆ ನಡೆಯುವಾಗ ಸಭೆ ಕಾದು ಕೂರುವುದು ವಾಲಿಗೆ ಬಾಣ ನೆಟ್ಟ ಮೇಲಿನ ಮಾತಿಗಾಗಿ. ಮರದ ಮರೆಯಲ್ಲಿ ನಿಂತು ಹೊಡೆದವನು ಯಾವ ಧರ್ಮದ ಮಾತಾಡುತ್ತಾನೆ ಎಂದು ವಾಲಿ ಕೇಳುತ್ತಾನೆ, ರಾಮನ ಅರ್ಥಧಾರಿ ಅದಕ್ಕೆ ಉತ್ತರ ಹುಡುಕಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿ, ರಾವಣ, ಮಾಗಧರ ಪರವಾಗಿ ಹೂಡಿದ ವಾದಗಳನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಹಾಗಾಗಿ ಪುರಾಣವನ್ನು ಪ್ರಶ್ನಿಸುವುದನ್ನು ಆಧುನಿಕ ನಾಟಕ ನಮಗೆ ಕಲಿಸಿತು ಎನ್ನುವುದು ಸರಿಯಲ್ಲ. ಆ ಕಲೆ ಇಲ್ಲಿ ಮೊದಲೇ ಇತ್ತು. ಆದರೆ ತಾಳಮದ್ದಳೆಗೆ ಒಂದು ಕಟ್ಟುಪಾಡಿದೆ: ಭಾಗವತರ ಪದ್ಯ ಬದಲಾಗುವುದಿಲ್ಲ. ವಾದದಲ್ಲಿ ವಾಲಿಯೇ ಗೆದ್ದರೂ ಕತೆಯಲ್ಲಿ ಅವನು ಸಾಯಲೇಬೇಕು.

ಇಪ್ಪತ್ತನೆಯ ಶತಮಾನದ ಕನ್ನಡ ನಾಟಕಕಾರರು ಮುರಿದದ್ದು ಈ ಕಟ್ಟುಪಾಡನ್ನು. ವಿದ್ಯೆ ಯಾರ ಸೊತ್ತು, ಅದನ್ನು ಯಾರು ಕಾಯುತ್ತಾರೆ, ಕಾವಲು ಮುರಿದವರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳ ಸುತ್ತ ಬೆಳೆದ ಈ ನಾಟಕಗಳ ಜಾಡು ಕುವೆಂಪು ಅವರಿಂದ ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ, ಎಚ್.ಎಸ್. ಶಿವಪ್ರಕಾಶರವರೆಗೆ ಸ್ಪಷ್ಟವಾಗಿದೆ.

ಶುರುವಾದದ್ದು ಕೊಂಚ ದೂರದ ದಾರಿಯಲ್ಲಿ. ಕಂಪನಿ ನಾಟಕಗಳಿಗೆ ಪುರಾಣವೆಂದರೆ ವೈಭವ. ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದವು. ಅದೇ ಕಾಲಕ್ಕೆ ಬಿ.ಎಂ.ಶ್ರೀ. ಸೊಫೊಕ್ಲಿಸನ 'ಏಜಾಕ್ಸ್' ನಾಟಕದ ಅಚ್ಚಿನಲ್ಲಿ 'ಅಶ್ವತ್ಥಾಮನ್' (1929) ಬರೆದರು. ಮಹಾಭಾರತದಲ್ಲಿ ಚಿರಂಜೀವಿಯಾದ ಅಶ್ವತ್ಥಾಮ ಇಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾನೆ. ಸಾಯಬಾರದವನನ್ನು ಸಾಯಿಸುವ ಧೈರ್ಯವನ್ನು ಶ್ರೀಯವರು ಗ್ರೀಕರಿಂದ ಪಡೆದರು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆ ನಾಟಕದಲ್ಲಿ ಅಶ್ವತ್ಥಾಮನ ಪರ ನಿಲ್ಲುವ ಗೆಳೆಯ ಏಕಲವ್ಯ. ಹೆಬ್ಬೆರಳು ಕಳೆದುಕೊಂಡವನು ಹೆಬ್ಬೆರಳು ಕಸಿದವನ ಮಗನಿಗೆ ನಿಷ್ಠನಾಗಿದ್ದಾನೆ. ಅಲ್ಲಿಂದ ಮುಂದೆ ಏಕಲವ್ಯ ಕನ್ನಡ ನಾಟಕವನ್ನು ಬಿಟ್ಟುಹೋಗಲೇ ಇಲ್ಲ.

ಟಿ.ಪಿ. ಕೈಲಾಸಂ ಅವನನ್ನು ಇಂಗ್ಲಿಷಿನಲ್ಲಿ ಬರೆದರು. 'ದಿ ಪರ್ಪಸ್' ನಾಟಕದ ಏಕಲವ್ಯನಿಗೆ ಬಿಲ್ಲುವಿದ್ಯೆ ಬೇಕಾಗಿರುವುದು ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಉಳಿಸುವುದಕ್ಕೆ, ಅರ್ಜುನನಿಗೆ ಬೇಕಾಗಿರುವುದು ಲೋಕದಲ್ಲಿ ತನಗೆ ಸಮನಿಲ್ಲ ಎನ್ನಿಸಿಕೊಳ್ಳುವುದಕ್ಕೆ. ವಿದ್ಯೆಯ ಹಕ್ಕನ್ನು ಹುಟ್ಟು ತೀರ್ಮಾನಿಸಬೇಕೋ, ಕಲಿಯುವವನ ಉದ್ದೇಶ ತೀರ್ಮಾನಿಸಬೇಕೋ ಎಂದು ಕೈಲಾಸಂ ನೇರವಾಗಿ ಕೇಳಿದರು. ಟೊಳ್ಳುಗಟ್ಟಿಯ ಪ್ರಹಸನಕಾರನೆಂದೇ ಅವರನ್ನು ಬಲ್ಲ ನಾವು ಈ ಗಂಭೀರ ಕೈಲಾಸಂರನ್ನು ಬಹುಮಟ್ಟಿಗೆ ಮರೆತಿದ್ದೇವೆ. ಇದು ನಮ್ಮ ನಷ್ಟ.

ಕತೆಯನ್ನೇ ತಿರುಗಿಸಿದವರು ಕುವೆಂಪು. 'ಶೂದ್ರ ತಪಸ್ವಿ' (1944) ಎತ್ತಿಕೊಂಡದ್ದು ಉತ್ತರಕಾಂಡದ ಶಂಬೂಕನ ಪ್ರಸಂಗವನ್ನು. ಮೂಲದಲ್ಲಿ ಬ್ರಾಹ್ಮಣನೊಬ್ಬನ ಮಗ ಅಕಾಲದಲ್ಲಿ ಸಾಯುತ್ತಾನೆ. ರಾಜ್ಯದಲ್ಲೆಲ್ಲೋ ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಕಾರಣವೆಂದು ನಾರದ ಹೇಳುತ್ತಾನೆ. ರಾಮ ಹೋಗಿ, ತಲೆಕೆಳಗಾಗಿ ತಪಸ್ಸು ಮಾಡುತ್ತಿದ್ದ ಶಂಬೂಕನ ಜಾತಿ ಕೇಳಿ, ಖಡ್ಗದಿಂದ ಅವನ ತಲೆ ತೆಗೆಯುತ್ತಾನೆ. ಅದೇ ಗಳಿಗೆಗೆ ಹುಡುಗ ಬದುಕುತ್ತಾನೆ. ಒಬ್ಬನ ಅರಿವಿನ ಹಸಿವು ಇನ್ನೊಬ್ಬನ ಮಗನ ಸಾವಿಗೆ ಕಾರಣ ಎಂಬ ಲೆಕ್ಕವನ್ನು ಹೀಗೆ ಕಣ್ಣಮುಂದೆ ರುಜುವಾತು ಮಾಡಿ ತೋರಿಸುವ ಕತೆ ನಮ್ಮ ಪುರಾಣಗಳಲ್ಲಿ ಬೇರೆ ಸಿಗಲಾರದು.

ಕುವೆಂಪು ಇಲ್ಲಿ ಮಾಡಿದ ಬದಲಾವಣೆ ನೋಡಲು ಸಣ್ಣದು. ಖಡ್ಗದ ಜಾಗಕ್ಕೆ ಅಸ್ತ್ರ ಬರುತ್ತದೆ. ಖಡ್ಗ ಹಿಡಿದವನ ಕೈಯಂತೆ ನಡೆಯುತ್ತದೆ, ಮಂತ್ರದಿಂದ ಹೊರಟ ಅಸ್ತ್ರಕ್ಕೆ ತನ್ನದೇ ತಿಳಿವಳಿಕೆಯಿದೆ. ರಾಮ ಬಿಟ್ಟ ಬ್ರಹ್ಮಾಸ್ತ್ರ ಶಂಬೂಕನನ್ನು ಮುಟ್ಟದೆ, ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ದಿಕ್ಕುಗೆಟ್ಟು ಓಡಿದ ಬ್ರಾಹ್ಮಣ ಕೊನೆಗೆ ಶಂಬೂಕನಿಗೆ ತಲೆಬಾಗಿದಾಗ ಅವನ ಮಗ ಎದ್ದು ಕೂರುತ್ತಾನೆ. ಮಗ ಬದುಕುವುದು ಎರಡೂ ಕತೆಗಳಲ್ಲಿದೆ, ಕಾರಣ ಮಾತ್ರ ಪೂರ್ತಿ ತಿರುಗಿದೆ. ಅಧಿಕಾರ ಕಳಿಸಿದ ಆಯುಧವೇ ಅಧಿಕಾರದ ನಂಬಿಕೆಯನ್ನು ಒಪ್ಪದೆ ಹಿಂದಿರುಗುತ್ತದೆ. ನನ್ನ ಮಟ್ಟಿಗೆ ಕನ್ನಡ ರಂಗಭೂಮಿಯ ದೊಡ್ಡ ಪ್ರತಿಭಟನೆ ಇದು. ಮಾಸ್ತಿಯವರು ಹಳೆಯ ಕತೆಯನ್ನು ಹೀಗೆ ಮಾರ್ಪಡಿಸುವುದಕ್ಕೆ ಆಕ್ಷೇಪ ಎತ್ತಿದರು, ಕುವೆಂಪು ಬಿಸಿಯಾಗಿಯೇ ಉತ್ತರಿಸಿದರು. ಶಂಬೂಕನಿಗೆ ತಪಸ್ಸಿನ ಹಕ್ಕಿದೆಯೇ ಎಂಬ ನಾಟಕದ ಪ್ರಶ್ನೆ, ಕವಿಗೆ ಪುರಾಣವನ್ನು ತಿರುಗಿಸುವ ಹಕ್ಕಿದೆಯೇ ಎಂಬ ರೂಪದಲ್ಲಿ ಹೊರಗೂ ಎದ್ದಿತು.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಈ ನಾಟಕದಲ್ಲಿ ವಾದ ನಡೆಯುವುದು ರಾಮನಿಗೂ ಬ್ರಾಹ್ಮಣನಿಗೂ ನಡುವೆ. ಶಂಬೂಕ ತಪಸ್ಸಿನಲ್ಲಿ ಮುಳುಗಿದ್ದಾನೆ. ಅವನಿಗೆ ನ್ಯಾಯ ಸಿಗುತ್ತದೆ, ಆದರೆ ನ್ಯಾಯ ಕೇಳುವ ದನಿ ಅವನದಲ್ಲ. ಮೂರು ವರ್ಷಗಳ ನಂತರದ 'ಬೆರಳ್ಗೆ ಕೊರಳ್' (1947) ಈ ಕೊರತೆಯನ್ನು ಸ್ವಲ್ಪ ತುಂಬಿತು. ಅಲ್ಲಿ ಏಕಲವ್ಯ ಗುರುಭಕ್ತಿಯಿಂದ ಬೆರಳು ಕೊಟ್ಟರೂ ಅವನ ತಾಯಿ ಸುಮ್ಮನಿರುವುದಿಲ್ಲ. ಮಗನ ಬೆರಳಿಗೆ ದ್ರೋಣನ ಕೊರಳು ತೆರಬೇಕೆಂಬ ಅವಳ ಶಾಪ, ಮುಂದೆ ಕುರುಕ್ಷೇತ್ರದಲ್ಲಿ ದ್ರೋಣನ ಶಿರಚ್ಛೇದಕ್ಕೆ ಹೊಸ ಕಾರಣವೊಂದನ್ನು ಒದಗಿಸುತ್ತದೆ. ವ್ಯಾಸರ ಕತೆಯ ಒಂದು ಘಟನೆಯನ್ನೂ ಅಳಿಸದೆ ಅದರ ಹೊಣೆಯನ್ನು ಬೇಡಿತಿಯೊಬ್ಬಳ ಸಿಟ್ಟಿಗೆ ಜೋಡಿಸಿದ ಕೆಲಸ ಇದು.

ನವ್ಯರ ಕಾಲಕ್ಕೆ ಪ್ರಶ್ನೆಯ ನೆಲೆ ಬದಲಾಯಿತು. ಕಾರ್ನಾಡರ 'ಯಯಾತಿ' (1961) ಅಪ್ಪನ ಮುಪ್ಪನ್ನು ಹೊತ್ತ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಕೊಟ್ಟಿತು. ಮೂಲದಲ್ಲಿ ಇಲ್ಲದ ಈ ಹೆಣ್ಣು, ಮಗನ ತ್ಯಾಗವೆಂದು ಎಲ್ಲರೂ ಹೊಗಳಿದ್ದರ ಬೆಲೆಯನ್ನು ತೆರುವವಳು. 'ಹಯವದನ'ದಲ್ಲಿ (1971) ಅಧಿಕಾರ ಅರಮನೆಯಿಂದ ಮೈಯೊಳಕ್ಕೇ ಇಳಿಯಿತು. ಗಂಡನ ತಲೆ ಇನ್ನೊಬ್ಬನ ಮೈಗೆ, ಅವನ ತಲೆ ಗಂಡನ ಮೈಗೆ ಸೇರಿದರೆ ಹೆಂಡತಿಗೆ ಗಂಡ ಯಾರು ಎಂಬ ಬೇತಾಳನ ಒಗಟಿಗೆ ವಿಕ್ರಮ ಕೊಟ್ಟ ಉತ್ತರ ಸರಳ: ತಲೆ ಯಾರದೋ ಅವನೇ ಗಂಡ, ಏಕೆಂದರೆ ತಲೆ ಉತ್ತಮಾಂಗ. ಥಾಮಸ್ ಮಾನ್‌ನ ಕತೆಯ ಮೂಲಕ ಈ ಒಗಟಿಗೆ ಬಂದ ಕಾರ್ನಾಡರು ಉತ್ತರ ಕೊಟ್ಟ ಮೇಲೆ ಏನಾಗುತ್ತದೆ ಎಂದು ನೋಡಿದರು. ಹೀಗೆ ಗೆಳೆಯನ ಮೈ ಪಡೆದು ಕಾಡಿನಲ್ಲಿ ಒಂಟಿಯಾದ ಕಪಿಲನ ಕೈಗಳು ಯಾವುದೋ ಸ್ಪರ್ಶವನ್ನು ನೆನೆಯುತ್ತವೆ, ತಲೆಗೆ ಅದು ಯಾರ ಸ್ಪರ್ಶವೆಂದು ಗೊತ್ತಿಲ್ಲ. ಮೈಗೂ ಒಂದು ಅರಿವಿದೆ, ತಲೆ ಅದನ್ನು ಆಳಬಹುದೇ ಹೊರತು ಅಳಿಸಲಾರದು. ಉತ್ತಮಾಂಗ, ಅಧಮಾಂಗ ಎಂಬ ಮಾತು ಯಾವ ವ್ಯವಸ್ಥೆಗೆ ಆಧಾರವಾಗಿದೆ ಎಂದು ಪುರುಷಸೂಕ್ತ ಬಲ್ಲ ನಾಡಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುವರ್ಷ ಬಂದ ಕಂಬಾರರ 'ಜೋಕುಮಾರಸ್ವಾಮಿ' ವಿದ್ಯೆಯನ್ನು ಬಿಟ್ಟು ಭೂಮಿಯನ್ನು ಹಿಡಿಯಿತು. ಅಲ್ಲಿ ಗೌಡನಿಗೆ ಎದುರಾಗುವ ಬಸಣ್ಣನ ಬಲವಿರುವುದು ಉಳುಮೆಯ ಹಕ್ಕಿನಲ್ಲಿ. ಕಂಬಾರರು ಅರಿವಿನ ವಸ್ತುವಿಗೆ ಬಂದದ್ದು ಮುಂದೆ 'ಮಹಾಮಾಯಿ'ಯಲ್ಲಿ. ಸಾವಿನ ದೇವತೆ ಶೆಟವಿ ಸಾಕಿದ ಸಂಜೀವಶಿವ ವೈದ್ಯ. ರೋಗಿಯ ಯಾವ ಬದಿಗೆ ತಾಯಿ ನಿಂತಿದ್ದಾಳೆ ನೋಡಿ ಅವನು ಮದ್ದು ಕೊಡಬೇಕು ಅಥವಾ ಕೈಬಿಡಬೇಕು. ಅವನ ವಿದ್ಯೆಯೆಲ್ಲ ಅವಳ ಅಪ್ಪಣೆಗೆ ಒಳಪಟ್ಟದ್ದು. ಅಪ್ಪಣೆಯ ವಿರುದ್ಧ ಒಬ್ಬ ಹುಡುಗಿಯನ್ನು ಬದುಕಿಸಲು ಅವನು ಹೊರಟಾಗ ವೈದ್ಯನ ಅರಿವು ಮೊದಲ ಬಾರಿಗೆ ಅವನದೇ ಆಗುತ್ತದೆ.

ಈ ಜಾಡಿನ ಶಿಖರ ಕಾರ್ನಾಡರ 'ಅಗ್ನಿ ಮತ್ತು ಮಳೆ'. 1990ರ ದಶಕದ ನಡುವೆ, ಅಮೆರಿಕದ ಮಿನಿಯಾಪೊಲಿಸ್ ನಗರದ ಗತ್ರಿ ಥಿಯೇಟರಿನ ಕೋರಿಕೆಯ ಹಿನ್ನೆಲೆಯಲ್ಲಿ ರೂಪುಗೊಂಡ ಈ ನಾಟಕ ಎತ್ತಿಕೊಂಡದ್ದು ವನಪರ್ವದಲ್ಲಿ ಲೋಮಶ ಋಷಿ ಪಾಂಡವರಿಗೆ ಹೇಳುವ ಯವಕ್ರಿಯ ಕತೆಯನ್ನು. ಗುರುವಿಲ್ಲದೆ, ಓದಿಲ್ಲದೆ ನೇರವಾಗಿ ಇಂದ್ರನಿಂದಲೇ ವೇದಜ್ಞಾನ ಪಡೆಯಲು ಯವಕ್ರಿ ತಪಸ್ಸಿಗೆ ಕೂತ. ಇಂದ್ರ ಮುದುಕನ ವೇಷದಲ್ಲಿ ಬಂದು, ಗಂಗೆಗೆ ಹಿಡಿಹಿಡಿ ಮರಳು ಹಾಕಿ ಸೇತುವೆ ಕಟ್ಟುತ್ತಿರುವಂತೆ ನಟಿಸಿ, ಅವನ ಪ್ರಯತ್ನ ಎಂಥದೆಂದು ತೋರಿಸಿದ.

ಶಂಬೂಕ, ಏಕಲವ್ಯರ ಕತೆಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಇಲ್ಲಿ ವಿದ್ಯೆಯ ಬಾಗಿಲು ಮುಚ್ಚಿಲ್ಲ. ಯವಕ್ರಿ, ಪರಾವಸು, ಪರಾವಸುವಿನ ಅಪ್ಪ ರೈಭ್ಯ ಎಲ್ಲರೂ ಅದರ ಒಳಗಿರುವವರು. ಒಳಗಿದ್ದವರನ್ನು ಅದು ಏನು ಮಾಡಿತು ಎಂಬುದು ಕಾರ್ನಾಡರ ಪ್ರಶ್ನೆ. ಬರ ಬಿದ್ದಿದೆ, ಪರಾವಸು ಮಳೆಗಾಗಿ ಏಳು ವರ್ಷಗಳ ಯಜ್ಞದ ಮುಖ್ಯ ಋತ್ವಿಜನಾಗಿದ್ದಾನೆ. ಯವಕ್ರಿ ಹತ್ತು ವರ್ಷಗಳ ತಪಸ್ಸು ಮುಗಿಸಿ ಬಂದು ಆ ಸಿದ್ಧಿಯನ್ನು ಬಳಸುವುದು ಹಳೆಯ ಹಗೆಗೆ. ರೈಭ್ಯನ ಮಂತ್ರ ಹುಟ್ಟಿಸುವುದು ಬ್ರಹ್ಮರಾಕ್ಷಸನನ್ನು. ಪರಾವಸುವಿನ ಹೆಂಡತಿ ವಿಶಾಖೆಯ ಮೈ ಗಂಡನಿಗೆ ಒಂದು ಶೋಧದ ಸಲಕರಣೆ, ಯವಕ್ರಿಗೆ ಹಗೆ ತೀರಿಸುವ ದಾರಿ. ಮೂವರು ಜ್ಞಾನಿಗಳ ನಡುವೆ ಅವಳ ಒಂಟಿತನವನ್ನು ಕೇಳುವವರಿಲ್ಲ. ಅರಿವು ಅಧಿಕಾರವಾಗಿ ಹೆಪ್ಪುಗಟ್ಟುವುದು ಹೇಗೆಂದು ಒಂದು ಮನೆಯೊಳಗೇ ತೋರಿಸಿದ ಇನ್ನೊಂದು ನಾಟಕ ಕನ್ನಡದಲ್ಲಿಲ್ಲ.

ಎದುರು ನಿಲ್ಲುವವಳು ಬೇಡರ ಹುಡುಗಿ ನಿತ್ತಿಲೆ. ಅವಳು ಕೇಳುವುದು ಮಗುವೂ ಕೇಳಬಹುದಾದ ಪ್ರಶ್ನೆ. ಇಂದ್ರ ಮಳೆಯ ದೇವರು, ಅವನು ಪ್ರತ್ಯಕ್ಷನಾದಾಗ ಯವಕ್ರಿ ನಾಲ್ಕು ಹನಿ ಮಳೆಯನ್ನು ಯಾಕೆ ಕೇಳಲಿಲ್ಲ? ತಮ್ಮ ಪೂಜಾರಿಯ ಮೈಮೇಲೆ ದೇವರು ಬರುವುದು ಊರವರೆಲ್ಲರ ಮುಂದೆ, ಇವರ ದೇವರುಗಳು ಮಾತ್ರ ಗುಟ್ಟಾಗಿ ಬರುವುದೇಕೆ? ಶಾಸ್ತ್ರದ ವಾದವನ್ನು ಶಾಸ್ತ್ರದಿಂದ ಗೆಲ್ಲುವ ಗೊಡವೆಗೇ ಅವಳು ಹೋಗುವುದಿಲ್ಲ. ಯಾರಿಗೆ ನೀರಾಯಿತು, ಯಾರಿಗೆ ಅನ್ನವಾಯಿತು ಎಂಬ ಅಳತೆಯೊಂದೇ ಅವಳದು. ಆ ಅಳತೆಯ ಮುಂದೆ ಯಜ್ಞಶಾಲೆ ನಿಲ್ಲಲಾರದು.

ಮುಖವಾಡದ ಪ್ರಸಂಗವನ್ನು ಬಿಟ್ಟು ಈ ನಾಟಕದ ಮಾತಾಡುವುದು ಸಾಧ್ಯವಿಲ್ಲ. ಪರಾವಸುವಿನ ತಮ್ಮ ಅರವಸುವಿಗೆ ನಟನಾಗುವ ಆಸೆ, ಬ್ರಾಹ್ಮಣನಿಗೆ ಅದು ನಿಷಿದ್ಧ. ವೇದ ಕೇಳುವ ಹಕ್ಕಿಲ್ಲದವರಿಗೂ ಎಟುಕಲೆಂದು ಬ್ರಹ್ಮ ಐದನೆಯ ವೇದವಾಗಿ ನಾಟ್ಯವನ್ನು ಸೃಷ್ಟಿಸಿದನೆಂದು ನಾಟ್ಯಶಾಸ್ತ್ರದ ಮೊದಲ ಅಧ್ಯಾಯ ಹೇಳುತ್ತದೆ. ಅದೇ ಗ್ರಂಥದ ಕೊನೆಗೆ, ಋಷಿಗಳನ್ನು ಅಣಕಿಸಿ ಆಡಿದ ಭರತನ ಮಕ್ಕಳು ಶಾಪದಿಂದ ಶೂದ್ರರಾಗುತ್ತಾರೆ. ಈ ಎರಡು ತುದಿಗಳ ನಡುವಿನ ಇಕ್ಕಟ್ಟನ್ನೇ ಕಾರ್ನಾಡರು ಅರವಸುವಿನ ಬಾಳಾಗಿಸಿದರು. ಯಜ್ಞದ ಬಳಿಯೇ ನಡೆಯುವ ಒಳನಾಟಕದಲ್ಲಿ ಅರವಸು ವೃತ್ರನ ಮುಖವಾಡ ತೊಡುತ್ತಾನೆ. ತಮ್ಮನಿಗೆ ಮೋಸ ಮಾಡಿದ ಇಂದ್ರನ ಕತೆ ಅದು. ಅಪ್ಪನನ್ನು ಕೊಂದು ತಮ್ಮನ ಮೇಲೆ ಅದರ ಹೊಣೆ ಹೊರಿಸಿದ ಅಣ್ಣ ಎದುರಿಗೇ ಕೂತಿದ್ದಾನೆ. ಮುಖವಾಡ ಅರವಸುವಿನ ಕೈಮೀರುತ್ತದೆ, ಯಜ್ಞಶಾಲೆ ಹೊತ್ತಿ ಉರಿಯುತ್ತದೆ, ಪರಾವಸು ಆ ಬೆಂಕಿಯೊಳಗೆ ನಡೆದುಹೋಗುತ್ತಾನೆ. ಕೊನೆಗೆ ಇಂದ್ರ ವರ ಕೊಡಲು ಬಂದಾಗ ಅರವಸು ಕೇಳುವುದು ಬ್ರಹ್ಮರಾಕ್ಷಸನ ಬಿಡುಗಡೆಯನ್ನು. ಮಳೆ ಬರುತ್ತದೆ.

ಆದರೆ ನಿತ್ತಿಲೆ ಬರುವುದಿಲ್ಲ. ಅವಳು ತನ್ನವರ ಕೈಯಲ್ಲೇ ಕೊಲೆಯಾಗಿದ್ದಾಳೆ. ಶಂಬೂಕನಿಂದ ನಿತ್ತಿಲೆಯವರೆಗೆ ನಮ್ಮ ದೊಡ್ಡ ನಾಟಕಗಳು ಎದುರು ನಿಂತವರನ್ನು ಮೇಲಕ್ಕೆತ್ತಿದವು, ಆದರೆ ಬದಲಾವಣೆಯ ಕೊನೆಯ ನಿರ್ಧಾರವನ್ನು ಒಳಗಿನವನೊಬ್ಬನ ಕೈಗೇ ಕೊಟ್ಟವು: ಅಲ್ಲಿ ರಾಮ, ಇಲ್ಲಿ ಅರವಸು. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಇದಕ್ಕೆ ಉತ್ತರ ಇನ್ನೊಂದು ದಿಕ್ಕಿನಿಂದ, ಕೆಳಗಿನವರೇ ಕಟ್ಟಿಕೊಂಡ ಕತೆಗಳಿಂದ ಬಂತು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಜ್ಯೋತಿರ್ಲಿಂಗಯ್ಯ, ಅಂದರೆ ಮಂಟೇಸ್ವಾಮಿ, ಹೊಲಸು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಶರಣರನ್ನೇ ಪರೀಕ್ಷಿಸುತ್ತಾನೆ. ಸಮಾನತೆಗೆ ಹೆಸರಾದ ಊರಿನ ಬಾಗಿಲಲ್ಲೂ ತಡೆಯುವವರಿದ್ದಾರೆ. ಮುಂದೆ ಅವನ ಶಿಶುಮಗ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿ ಹೋಗಿ, ಕುಲುಮೆಯ ಗುಟ್ಟು ಬಲ್ಲವರ ಗರ್ವವನ್ನು ಎದುರಿಸುತ್ತಾನೆ. ಈ ಪರಂಪರೆಯನ್ನು ಎಚ್.ಎಸ್. ಶಿವಪ್ರಕಾಶ 'ಮಂಟೇಸ್ವಾಮಿ ಕಥಾಪ್ರಸಂಗ'ದಲ್ಲಿ ರಂಗಕ್ಕೆ ತಂದರು. ಇಲ್ಲಿ ಪುರಾಣವನ್ನು ತಿರುಗಿಸಬೇಕಾದ ಅಗತ್ಯವೇ ಬರಲಿಲ್ಲ, ಹಾಡಿದವರು ಅದನ್ನು ಮೊದಲೇ ತಿರುಗಿಸಿದ್ದರು.

ಕಲ್ಯಾಣದ ಕತೆಯನ್ನು ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ' ಬೇರೆಬೇರೆಯಾಗಿ ಹೇಳಿವೆ. 'ಮಹಾಚೈತ್ರ' ಪಠ್ಯವಾಗಿದ್ದಾಗ 1990ರ ದಶಕದಲ್ಲಿ ಅದರ ವಿರುದ್ಧ ಬೀದಿಯಲ್ಲಿ ಚಳವಳಿ ನಡೆಯಿತು. ಮಾಸ್ತಿ ಮತ್ತು ಕುವೆಂಪು ಬರಹದಲ್ಲಿ ಮುಗಿಸಿಕೊಂಡ ಜಗಳ ಅರ್ಧ ಶತಮಾನದ ನಂತರ ಮೆರವಣಿಗೆ, ಬೆದರಿಕೆಗಳ ಮಟ್ಟಕ್ಕೆ ಬಂದಿತ್ತು.

ದಲಿತ ಕವಿ ಸಿದ್ಧಲಿಂಗಯ್ಯ 'ಏಕಲವ್ಯ' ಎಂಬ ನಾಟಕವನ್ನೇ ಬರೆದರು. ಆ ಪಾತ್ರದ ಮಾತನ್ನು, ಅದೇ ನೋವಿನ ಚರಿತ್ರೆಯಿಂದ ಬಂದವರು ಬರೆಯಲು ಆಧುನಿಕ ನಾಟಕದಲ್ಲಿ ಇಷ್ಟು ಕಾಲ ಬೇಕಾಯಿತು. ಹೆಣ್ಣಿನ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಜನಪದ ರಾಮಾಯಣದ ಎಳೆಯಿಂದ ಎಚ್.ಎಸ್. ವೆಂಕಟೇಶಮೂರ್ತಿ ಬರೆದ 'ಚಿತ್ರಪಟ' ಅನೇಕ ಬಾರಿ ರಂಗಕ್ಕೆ ಬಂದಿದೆ. ಆ ಜನಪದ ಕತೆಯ ಸೀತೆ ರಾವಣನ ಕಾಲ ಹೆಬ್ಬೆರಳನ್ನು ಮಾತ್ರ ಕಂಡವಳು, ಅಷ್ಟನ್ನೇ ಬರೆಯುತ್ತಾಳೆ. ಉಳಿದ ಚಿತ್ರವನ್ನು ಬೇರೆಯವರು ತುಂಬಿಸುತ್ತಾರೆ, ಶಿಕ್ಷೆ ಅವಳಿಗಾಗುತ್ತದೆ. ಈ ಕತೆಯನ್ನು ತಲೆಮಾರುಗಳಿಂದ ಹಾಡಿ ಉಳಿಸಿಕೊಂಡವರು ಹೆಂಗಸರು. ಆದರೆ ಇಲ್ಲಿ ಹೆಸರಿಸಿದ ನಾಟಕಗಳಲ್ಲಿ ಒಂದನ್ನೂ ಬರೆದದ್ದು ಹೆಂಗಸಲ್ಲ. ಚಿತ್ರಲೇಖೆ, ವಿಶಾಖೆ, ನಿತ್ತಿಲೆ, ಏಕಲವ್ಯನ ತಾಯಿ ಎಲ್ಲರೂ ಗಂಡಸರ ಲೇಖನಿಯಿಂದ ಮಾತು ಪಡೆದವರು. ಈ ಸಮೀಕ್ಷೆಯ ಮುಂದಿನ ಅಧ್ಯಾಯವನ್ನು ಬರೆಯುವ ಲೇಖಕಿಯರಿಗಾಗಿ ನಮ್ಮ ರಂಗತಂಡಗಳೂ ಪ್ರಕಾಶಕರೂ ಈಗಲೇ ಜಾಗ ಮಾಡಿಕೊಡಬೇಕು.